ಲೈನರ್ ನೌಕೆಗಳ ವೈಭವ ಮತ್ತು ವಟಾವಿನ ಲೆಕ್ಕ

ನಮ್ಮ ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದ ಹತ್ತಿಯು ಹತ್ತೊಂಬತ್ತನೆಯ ಶತಮಾನದಲ್ಲಿ ವಿದೇಶಿ ಪೇಟೆಗಳಲ್ಲಿ 'ಕುಮಟಾ' ಎಂಬ ಹೆಸರಿನಿಂದ ಮಾರಾಟವಾಗುತ್ತಿತ್ತು. ಕುಮಟಾ ಹತ್ತಿ ಬೆಳೆಯುವ ಊರಲ್ಲ. ಅದು ಹತ್ತಿಯನ್ನು ಹಡಗಿಗೆ ಏರಿಸುತ್ತಿದ್ದ ಬಂದರು. ಬೆಳೆದವನ ಊರಿನ ಹೆಸರು ಅಳಿದು ಸಾಗಿಸಿದ ಬಂದರಿನ ಹೆಸರು ಉಳಿಯಿತು. ಸರಕಿನ ಮೇಲೆ ಸಾಗಣೆಯ ಹಿಡಿತ ಎಷ್ಟಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ. ಆದುದರಿಂದ ಸಮುದ್ರದಿಂದ ದೂರವಿರುವ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ವ್ಯಾಪಾರಸ್ಥರು ಹಾಗೂ ಸಣ್ಣ ಉದ್ದಿಮೆದಾರರಿಗೆ ಮಹಾಸಾಗರದ ಲೈನರ್ ನೌಕೆಗಳ ಕಥೆಯನ್ನು ಹೇಳಹೊರಟಿರುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಬಂಡಿಯಿಂದ ಬಂದರಿಗೆ

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿಯ ಪೂರೈಕೆ ನಿಂತು, ಇಂಗ್ಲೆಂಡಿನ ಗಿರಣಿಗಳ ದೃಷ್ಟಿ ನಮ್ಮ ಕಡೆ ಹೊರಳಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕಾರವಾರ ಬಂದರಿನ ಅಭಿವೃದ್ಧಿಗೆ ಚಾಲನೆ ದೊರೆಯಿತು. ಹತ್ತಿಯ ಅಂಡಿಗೆಗಳನ್ನು ಹೊತ್ತ ಬಂಡಿಗಳು ಘಟ್ಟವಿಳಿದು ಕರಾವಳಿ ಸೇರುತ್ತಿದ್ದವು. ಅಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿಗೆ ಪಯಣ. 1880ರ ದಶಕದಲ್ಲಿ ಹುಬ್ಬಳ್ಳಿ, ಗದಗ ಭಾಗಗಳಿಗೆ ರೈಲು ಬಂದು ಮಾರ್ಮಗೋವಾ ಬಂದರಿನೊಡನೆ ಸಂಪರ್ಕ ಏರ್ಪಟ್ಟ ಮೇಲೆ ಕುಮಟೆಯ ಹತ್ತಿ ವ್ಯಾಪಾರವು ಕುಗ್ಗಿತು. ಮಾರ್ಗ ಬದಲಾದರೆ ಪೇಟೆಯೂ ಬದಲಾಗುತ್ತದೆ ಎಂಬುದು ನಮ್ಮವರು ಆಗಲೇ ಕಂಡ ಸತ್ಯ.

ಲೈನರ್ ಎಂದರೇನು?

ಹಡಗುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಸರಕು ಸಿಕ್ಕ ಕಡೆಗೆ, ಸಿಕ್ಕ ಬಾಡಿಗೆಗೆ ಹೋಗುವ ಹಡಗು ಒಂದು. ಅದನ್ನು ಟ್ರ್ಯಾಂಪ್ ಎನ್ನುತ್ತಾರೆ. ಗೊತ್ತಾದ ಮಾರ್ಗದಲ್ಲಿ, ಗೊತ್ತಾದ ದಿನದಂದು, ತುಂಬಿರಲಿ ಬರಿದಾಗಿರಲಿ ಹೊರಟೇ ತೀರುವ ಹಡಗು ಇನ್ನೊಂದು, ಅದೇ ಲೈನರ್. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಬಾಡಿಗೆಯ ಲಾರಿ, ಎರಡನೆಯದು ವೇಳಾಪಟ್ಟಿಯ ಬಸ್ಸು.

ಹಾಯಿಹಡಗು ಗಾಳಿಯನ್ನು ನಂಬಿತ್ತು. ಆದ್ದರಿಂದ ವೇಳಾಪಟ್ಟಿಯ ವಾಗ್ದಾನ ಅದಕ್ಕೆ ಕಷ್ಟವಾಗಿತ್ತು. ಉಗಿಯಂತ್ರವು ಆ ವಾಗ್ದಾನವನ್ನು ಸಾಧ್ಯವಾಗಿಸಿತು. 1840ರಲ್ಲಿ ಕ್ಯೂನಾರ್ಡ್ ಕಂಪನಿಯ 'ಬ್ರಿಟಾನಿಯಾ' ಅಟ್ಲಾಂಟಿಕ್ ಸಾಗರದಲ್ಲಿ ಟಪಾಲು ಸೇವೆಯನ್ನು ಆರಂಭಿಸಿತು. ಅದೇ ವರ್ಷ ಪಿ. ಅಂಡ್ ಓ. ಕಂಪನಿಗೆ ರಾಜಸನದು ದೊರೆಯಿತು. 1869ರ ನವೆಂಬರ್ 17ರಂದು ಸುಯೆಜ್ ಕಾಲುವೆ ತೆರೆದಾಗ ಮುಂಬಯಿ-ಲಂಡನ್ ಸಮುದ್ರಮಾರ್ಗವು ಆಫ್ರಿಕದ ತುದಿಯನ್ನು ಸುತ್ತುವ ಸುಮಾರು 10,700 ನಾಟಿಕಲ್ ಮೈಲಿಗಳಿಂದ ಸುಮಾರು 6,200ಕ್ಕೆ ಇಳಿಯಿತು. ಈ ಕಂಪನಿಗಳ ಬೆನ್ನೆಲುಬಾಗಿದ್ದುದು ಪ್ರಯಾಣಿಕರ ಟಿಕೆಟ್ಟಿನಷ್ಟೇ ಸರ್ಕಾರದ ಟಪಾಲು ಗುತ್ತಿಗೆ. ಲೈನರಿನ ವೆಚ್ಚದಲ್ಲಿ ಬಹುಪಾಲು ಸ್ಥಿರ ವೆಚ್ಚ. ಕಲ್ಲಿದ್ದಲು, ಸಿಬ್ಬಂದಿ, ವಿಮೆ, ಸವಕಳಿ ಯಾವುದೂ ಪ್ರಯಾಣಿಕರ ಸಂಖ್ಯೆಯನ್ನು ನೋಡಿ ಕಡಿಮೆಯಾಗುವುದಿಲ್ಲ. ಟಪಾಲು ಗುತ್ತಿಗೆಯ ಹಣವು ಆ ಭಾರವನ್ನು ಹೊರುತ್ತಿತ್ತು.

ಒಂದು ಹಡಗು, ಎರಡು ಹೆಸರು

ಲೈನರ್‌ಗಳೆಂದೊಡನೆ 'ಟೈಟಾನಿಕ್' ನೆನಪಾಗುವುದು ಸಹಜ. 1912ರ ಏಪ್ರಿಲ್ 15ರಂದು ಮುಳುಗಿ ಸಾವಿರದೈನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಆ ಹಡಗಿನ ಕಥೆ ಎಲ್ಲರಿಗೂ ತಿಳಿದಿದೆ. ಅದಕ್ಕಿಂತ ನಮಗೆ ಹತ್ತಿರವಾದ ಒಂದು ಹಡಗಿದೆ. ಅದನ್ನು ಬಲ್ಲವರು ವಿರಳ.

ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿಯು ತನ್ನ ರೈಲುಮಾರ್ಗವನ್ನು ಪೂರ್ವ ಏಷ್ಯದೊಡನೆ ಜೋಡಿಸಲೆಂದು ಮೂರು ಲೈನರ್‌ಗಳನ್ನು ಕಟ್ಟಿಸಿತು. ಅವುಗಳಲ್ಲಿ ಮೊದಲನೆಯದು 1890ರಲ್ಲಿ ಇಂಗ್ಲೆಂಡಿನ ಬ್ಯಾರೋ ಹಡಗುಕಟ್ಟೆಯಲ್ಲಿ ನೀರಿಗಿಳಿದ 'ಎಂಪ್ರೆಸ್ ಆಫ್ ಇಂಡಿಯಾ'. ಸುಮಾರು 5,900 ಟನ್ನಿನ, ಬಿಳಿಯ ಬಣ್ಣದ, ಎರಡು ಪ್ರೊಪೆಲರ್‌ಗಳ ಹಡಗು ಅದು. ಮೇಲಂತಸ್ತಿನಲ್ಲಿ ನೂರಿಪ್ಪತ್ತರಷ್ಟು ಮೊದಲ ದರ್ಜೆಯವರು, ಕೆಳಗೆ ಆರುನೂರರಷ್ಟು ಅಗ್ಗದ ಟಿಕೆಟ್ಟಿನವರು ಪ್ರಯಾಣಿಸಬಹುದಾಗಿತ್ತು. ಹಡಗಿನ ಒಡಲಲ್ಲಿ ಅತಿ ಬೆಲೆಯುಳ್ಳ ಸರಕೆಂದರೆ ಕಚ್ಚಾ ರೇಷ್ಮೆ. ದಾರಿಯಲ್ಲಿ ಕಳೆದ ಪ್ರತಿ ದಿನಕ್ಕೂ ಬಡ್ಡಿ ಮತ್ತು ವಿಮೆ ಬೆಳೆಯುವುದರಿಂದ, ವ್ಯಾಂಕೂವರಿನಲ್ಲಿ ಇಳಿಸಿದ ರೇಷ್ಮೆಯನ್ನು ವಿಶೇಷ ರೈಲುಗಳಲ್ಲಿ ಪೂರ್ವ ತೀರಕ್ಕೆ ಒಯ್ಯುತ್ತಿದ್ದರು. ಹಡಗು, ರೈಲು, ಟಪಾಲು ಮೂರೂ ಒಂದೇ ವೇಳಾಪಟ್ಟಿಗೆ ಒಳಪಟ್ಟಿದ್ದವು.

1893ರ ಜುಲೈ 14ರಂದು ಜಪಾನಿನ ಯೊಕೊಹಾಮಾದಿಂದ ಹೊರಟ ಈ ಹಡಗಿನಲ್ಲಿ, ಮುಂಬಯಿಯಿಂದ 'ಪೆನಿನ್ಸುಲರ್' ಹಡಗಿನಲ್ಲಿ ಹೊರಟು ಬಂದಿದ್ದ ಸ್ವಾಮಿ ವಿವೇಕಾನಂದರಿದ್ದರು. ಜಮ್‌ಶೆಟ್‌ಜಿ ಟಾಟಾ ಅವರೂ ಇದ್ದರು. ಸಂನ್ಯಾಸಿಯೊಬ್ಬರು, ಉದ್ಯಮಿಯೊಬ್ಬರು, ಸಾಗರದ ಮೇಲೆ ಹತ್ತಾರು ದಿನಗಳ ಬಿಡುವು. 1898ರ ನವೆಂಬರ್ 23ರಂದು ಟಾಟಾ ಅವರು ವಿವೇಕಾನಂದರಿಗೆ ಬರೆದ ಪತ್ರದಲ್ಲಿ ಜಪಾನಿನಿಂದ ಜೊತೆಯಾಗಿ ಮಾಡಿದ ಆ ಪಯಣವನ್ನು ನೆನಪಿಸಿ, ತಾವು ಸ್ಥಾಪಿಸಬೇಕೆಂದಿರುವ ವಿಜ್ಞಾನ ಸಂಶೋಧನ ಸಂಸ್ಥೆಗೆ ಬೆಂಬಲವನ್ನು ಕೋರಿದರು. ಟಾಟಾ 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ನೀಡಿತು. 1909ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಗೊಂಡಿತು.

ಮೊದಲ ಮಹಾಯುದ್ಧದ ಕಾಲದಲ್ಲಿ ಗ್ವಾಲಿಯರ್ ಮಹಾರಾಜರು ಈ ಹಡಗನ್ನು ಕೊಂಡು, ಗಾಯಾಳು ಸೈನಿಕರ ಆಸ್ಪತ್ರೆಯನ್ನಾಗಿ ಮಾರ್ಪಡಿಸಿ 'ಲಾಯಲ್ಟಿ' ಎಂದು ಹೆಸರಿಟ್ಟರು. ಲಾಯಲ್ಟಿ ಎಂದರೆ ನಿಷ್ಠೆ. 1919ರಲ್ಲಿ ವಾಲ್‌ಚಂದ್ ಹೀರಾಚಂದ್, ನರೋತ್ತಮ ಮೊರಾರ್ಜಿ ಮೊದಲಾದವರು ಇದನ್ನು ಖರೀದಿಸಿ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯನ್ನು ಸ್ಥಾಪಿಸಿದರು. 1919ರ ಏಪ್ರಿಲ್ 5ರಂದು 'ಲಾಯಲ್ಟಿ'ಯು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನದ ನೆನಪಿಗಾಗಿಯೇ ಏಪ್ರಿಲ್ 5ನ್ನು ರಾಷ್ಟ್ರೀಯ ಕಡಲಯಾನ ದಿನವನ್ನಾಗಿ ಆಚರಿಸಲಾಗುತ್ತದೆ.

ನಿಷ್ಠೆಯ ವಟಾವು

ಆದರೆ 'ಲಾಯಲ್ಟಿ' ಲಾಭ ತರಲಿಲ್ಲ. ಇಪ್ಪತ್ತೆಂಟು ವರ್ಷ ದುಡಿದ ಹಳೆಯ ಹಡಗು, ದುರಸ್ತಿಗೆ ಹಣ ಬೇಡುವ ಯಂತ್ರ. ಇವು ಒಳಗಿನ ಕಾರಣಗಳು. ಹೊರಗಿನ ಕಾರಣವು ಹೆಚ್ಚು ಗಂಭೀರ. ಬ್ರಿಟಿಷ್ ಹಡಗು ಕಂಪನಿಗಳು 'ಕಾನ್ಫರೆನ್ಸ್' ಎಂಬ ಕೂಟಗಳನ್ನು ಕಟ್ಟಿಕೊಂಡು ಬಾಡಿಗೆಯನ್ನು ತಾವೇ ನಿಗದಿಪಡಿಸುತ್ತಿದ್ದವು. ಇಂಥ ಮೊದಲ ಕೂಟ ರೂಪುಗೊಂಡುದು 1875ರಲ್ಲಿ, ಕಲಕತ್ತೆಯ ವ್ಯಾಪಾರದಲ್ಲಿ. ಸರಕು ಕಳುಹಿಸುವವರನ್ನು ಕಟ್ಟಿಹಾಕಲು ಅವು ಕಂಡುಕೊಂಡ ಉಪಾಯವೇ ಮುಂದೂಡಿದ ವಟಾವು. ಇದರ ಲೆಕ್ಕವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯೋಣ.

ಒಬ್ಬ ವ್ಯಾಪಾರಸ್ಥರು ತಿಂಗಳಿಗೆ 1,000 ರೂಪಾಯಿ ಬಾಡಿಗೆ ಕೊಡುತ್ತಾರೆ, ವಟಾವು ಶೇ. 10. ಜನವರಿಯಿಂದ ಜೂನ್‌ವರೆಗಿನ 6,000 ರೂಪಾಯಿಗೆ 600 ರೂಪಾಯಿ ವಟಾವು ಜಮೆಯಾಗುತ್ತದೆ. ಆದರೆ ಅದನ್ನು ಜೂನ್‌ನಲ್ಲಿ ಕೊಡುವುದಿಲ್ಲ. ಜುಲೈಯಿಂದ ಡಿಸೆಂಬರ್‌ವರೆಗೂ ಬೇರೆ ಕಂಪನಿಯ ಹಡಗಿಗೆ ಒಂದು ಅಂಡಿಗೆಯನ್ನೂ ಕೊಡದಿದ್ದರೆ ಮಾತ್ರ ವರ್ಷಾಂತ್ಯಕ್ಕೆ ಕೊಡುತ್ತಾರೆ. ಅಷ್ಟರಲ್ಲಿ ಎರಡನೆಯ ಅರ್ಧವರ್ಷದ 600 ರೂಪಾಯಿ ಕೂಡಿರುತ್ತದೆ. ಡಿಸೆಂಬರ್‌ನಲ್ಲಿ ಹೊಸ ಕಂಪನಿಯೊಂದು ಬಂದು ಶೇ. 20 ಕಡಿಮೆ ಬಾಡಿಗೆ ಹೇಳಿತೆನ್ನಿ. ಆ ತಿಂಗಳ ಸರಕಿನಲ್ಲಿ ವ್ಯಾಪಾರಸ್ಥರಿಗೆ ಉಳಿಯುವುದು 200 ರೂಪಾಯಿ. ಕಳೆದುಕೊಳ್ಳುವುದು 1,200 ರೂಪಾಯಿಯ ಹತ್ತಿರ. ಯಾವ ಜಾಣ ವ್ಯಾಪಾರಸ್ಥನೂ ಹೊಸಬನ ಕಡೆಗೆ ತಿರುಗಲಾರ.

ಗಮನಿಸಿ: ಹೊಸ ಹಡಗಿಗೆ ಸರಕು ಕೊಡದೆ ಉಳಿದವರಲ್ಲಿ ಭಾರತೀಯರೂ ಇದ್ದರು. ಅವರಿಗೆ ಸ್ವದೇಶಾಭಿಮಾನವಿರಲಿಲ್ಲವೆಂದಲ್ಲ. ಅವರದೇ ಹಣವು ಅನ್ಯರ ತಿಜೋರಿಯಲ್ಲಿ ಒತ್ತೆಯಾಗಿತ್ತು. 'ನಿಷ್ಠೆ' ಎಂಬ ಹೆಸರಿನ ಹಡಗು ನಿಷ್ಠೆಯ ವಟಾವಿನ ಮುಂದೆ ಸೋತಿತು.

ಇದಕ್ಕೆ ಮುನ್ನವೇ, 1906ರಲ್ಲಿ ತೂತುಕುಡಿಯಲ್ಲಿ ವಿ. ಓ. ಚಿದಂಬರಂ ಪಿಳ್ಳೈ ಅವರು ಸ್ಥಾಪಿಸಿದ ಸ್ವದೇಶಿ ಹಡಗು ಕಂಪನಿಯನ್ನು ದರಸಮರದಿಂದ ಹಣ್ಣುಮಾಡಲಾಗಿತ್ತು. ಅವರ ಸೆರೆವಾಸದ ಅನಂತರ ಅದು ಉಳಿಯಲಿಲ್ಲ. ಸಿಂಧಿಯಾ ಉಳಿಯಿತು. ಅದರ ಸಂಚಾಲಕರು ಕಂಪನಿಯನ್ನು ಮಾರಲು ಒಪ್ಪದೆ, ಪ್ರಯಾಣಿಕರ ಲೈನರ್‌ನ ಕನಸನ್ನು ಬದಿಗಿರಿಸಿ ಸರಕು ಹಡಗುಗಳನ್ನೇ ನಂಬಿದರು. 1923ರ ಒಪ್ಪಂದವು ಅವರನ್ನು ಮುಖ್ಯವಾಗಿ ಕರಾವಳಿ ವ್ಯಾಪಾರಕ್ಕೆ, ಅದೂ 75,000 ಟನ್ನಿನ ಮಿತಿಗೆ, ಕಟ್ಟಿಹಾಕಿತು. ಕಹಿಯಾದ ಒಪ್ಪಂದವೇ ಸರಿ. ಆದರೆ ಬಾಗಿಲು ಮುಚ್ಚುವುದಕ್ಕಿಂತ ಲೇಸಾಗಿತ್ತು. ಅದೇ ವರ್ಷ ಮುಂಬಯಿಯಲ್ಲಿ 'ಲಾಯಲ್ಟಿ'ಯನ್ನು ಒಡೆಯಲಾಯಿತು. ಇಪ್ಪತ್ತೈದು ವರ್ಷಗಳ ಅನಂತರ, 1948ರ ಮಾರ್ಚ್ 14ರಂದು, ವಿಶಾಖಪಟ್ಟಣದಲ್ಲಿ ಸಿಂಧಿಯಾ ಕಟ್ಟಿದ 'ಜಲಉಷಾ'ವನ್ನು ಪ್ರಧಾನಿ ನೆಹರೂ ನೀರಿಗಿಳಿಸಿದರು.

ಅಸ್ತಮಾನ ಮತ್ತು ಆಕರ್ಷಣೆ

ಲೈನರ್‌ಗಳನ್ನು ಕೊಂದದ್ದು ಬಿರುಗಾಳಿಯಲ್ಲ, ಗಡಿಯಾರ. 1952ರಲ್ಲಿ 'ಯುನೈಟೆಡ್ ಸ್ಟೇಟ್ಸ್' ಎಂಬ ಹಡಗು ಅಟ್ಲಾಂಟಿಕ್ ಸಾಗರವನ್ನು ಮೂರೂವರೆ ದಿನಗಳಲ್ಲಿ ದಾಟಿ ದಾಖಲೆ ಮಾಡಿತು. 1958ರ ಅಕ್ಟೋಬರ್‌ನಲ್ಲಿ ಜೆಟ್ ವಿಮಾನ ಸೇವೆ ಬಂದಾಗ ಆ ದಾಖಲೆಗೆ ಬೆಲೆಯೇ ಉಳಿಯಲಿಲ್ಲ. ಹಡಗು ಖರೀದಿಸಿದ ವಾಲ್‌ಚಂದ್ ಅವರೇ 1940ರಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದ್ದರೆಂಬುದು ಇಲ್ಲಿ ಸ್ಮರಣೀಯ.

1936ರಲ್ಲಿ ಮೊದಲ ಪಯಣ ಮಾಡಿದ 'ಕ್ವೀನ್ ಮೇರಿ' ಇಂದು ಕ್ಯಾಲಿಫೋರ್ನಿಯದ ಲಾಂಗ್‌ಬೀಚ್‌ನಲ್ಲಿ ನೆಲೆನಿಂತಿದೆ. 'ಕ್ವೀನ್ ಎಲಿಜಬೆತ್ 2' 2018ರಲ್ಲಿ ದುಬೈಯಲ್ಲಿ ಹೋಟೆಲಾಯಿತು. ಫ್ರಾನ್ಸಿನ ಹೆಮ್ಮೆಯಾಗಿದ್ದ 316 ಮೀಟರ್ ಉದ್ದದ 'ಫ್ರಾನ್ಸ್' ಹಡಗು ಹೆಸರು ಬದಲಿಸಿಕೊಂಡು 2006ರಲ್ಲಿ ಗುಜರಾತಿನ ಅಲಂಗ್‌ಗೆ ಬಂದು, 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಅನುಮತಿಯೊಂದಿಗೆ ಗುಜರಿಯಾಯಿತು. 2004ರಲ್ಲಿ ಸೇವೆಗೆ ಬಂದ 'ಕ್ವೀನ್ ಮೇರಿ 2' ಒಂದೇ ಲೈನರ್ ಪರಂಪರೆಯನ್ನು ಮುಂದುವರಿಸಿದೆ.

ಆದರೂ ಈ ಹಡಗುಗಳ ಸೆಳೆತ ತಗ್ಗಿಲ್ಲ. ಅದಕ್ಕೆ ಕಾರಣ ಝಗಮಗಿಸುವ ಊಟದ ಕೋಣೆಗಳಷ್ಟೇ ಅಲ್ಲವೆಂದು ನನ್ನ ಅಭಿಪ್ರಾಯ. ಅಲ್ಲಿ ಕಾಲವಿತ್ತು. ಎರಡು ವಾರ ಒಂದೇ ಮಾಡಿನ ಕೆಳಗೆ ಕುಳಿತವರು ಮಾತನಾಡಲೇಬೇಕಿತ್ತು. 1936ರಲ್ಲಿ ಆಕ್ಸ್‌ಫರ್ಡ್‌ಗೆ ಹೊರಟ ನಮ್ಮ ವಿ. ಕೃ. ಗೋಕಾಕರಿಗೆ ಕಡಲಯಾನವು 'ಸಮುದ್ರ ಗೀತೆಗಳು' ಸಂಕಲನವನ್ನು ಕೊಟ್ಟಿತು. ಟಾಟಾ ಅವರಿಗೆ ಒಂದು ಸಂಸ್ಥೆಯ ಚಿಂತನೆಯನ್ನು ಗಟ್ಟಿಮಾಡಿಕೊಟ್ಟಿತು. ಗೊತ್ತಾದ ದಿನ ಹೊರಟು ಗೊತ್ತಾದ ದಿನ ತಲುಪುವ ಭರವಸೆಯೂ ಒಂದು ಸೊಗಸು. ಆ ಭರವಸೆಯನ್ನು ಇಂದು ಕಂಟೇನರ್ ಹಡಗುಗಳು ಉಳಿಸಿಕೊಂಡಿವೆ. ನವಲಗುಂದದ ಜಮಖಾನವನ್ನೋ ಒಣಮೆಣಸಿನಕಾಯಿಯನ್ನೋ ಕಂಟೇನರಿನಲ್ಲಿ ರಫ್ತು ಮಾಡುವವರು ಇಂದಿಗೂ 'ಲೈನರ್ ಸೇವೆ'ಯನ್ನೇ ಬಳಸುತ್ತಾರೆ.

ನಮ್ಮ ಖಾತೆಪುಸ್ತಕದಲ್ಲಿ ಅದೇ ಹಡಗು

ಕೆಲವು ವರ್ಷಗಳ ಹಿಂದೆ ನಮ್ಮ ತಾಲೂಕು ಕೇಂದ್ರವೊಂದರ ಅಂಗಡಿಯ ಲೆಕ್ಕಗಳನ್ನು ಪರಿಶೀಲಿಸುತ್ತಿದ್ದಾಗ ಒಂದು ದೊಡ್ಡ ತಯಾರಕ ಕಂಪನಿಯಿಂದ ಬರಬೇಕಾದ ವಾರ್ಷಿಕ ವಟಾವಿನ ಬಾಕಿ ಕಣ್ಣಿಗೆ ಬಿತ್ತು. ಮಾರ್ಚ್ ಕಳೆದು ಆರು ತಿಂಗಳಾದರೂ ಹಣ ಬಂದಿರಲಿಲ್ಲ. ಕಾರಣ ಕೇಳಿದೆ. ಮಾಲೀಕರು ಅದೇ ಬಗೆಯ ಸರಕನ್ನು ಹತ್ತಿರದ ಸಣ್ಣ ಘಟಕವೊಂದರಿಂದ ಎರಡು ಸಲ ತರಿಸಿದ್ದರು. ಕಂಪನಿಯ ಪ್ರತಿನಿಧಿ ಅದನ್ನು ಕಂಡಿದ್ದ. ವಟಾವು ಹೋಯಿತು. "ಇನ್ನು ಆ ಕಡೆ ಹೋಗೂದಿಲ್ಲ, ಸಾಹೇಬ್ರ" ಎಂದರು ಮಾಲೀಕರು. ಮರುವರ್ಷ ಆ ಸಣ್ಣ ಘಟಕದ ಹೆಸರು ಅವರ ಖಾತೆಯಲ್ಲಿರಲಿಲ್ಲ. ಆ ಬಾಕಿಯನ್ನು ಬರಬೇಕಾದ ಹಣವೆಂದು ಆಸ್ತಿಯ ಪಟ್ಟಿಯಲ್ಲಿ ತೋರಿಸುವುದನ್ನು ನಾನು ಒಪ್ಪಲಿಲ್ಲ. ಆದರೆ ನಷ್ಟ ಆ ಮೊತ್ತವಷ್ಟೇ ಆಗಿರಲಿಲ್ಲ. ಪೇಟೆಯಲ್ಲಿ ಎರಡನೆಯ ಮಾರಾಟಗಾರನೇ ಇಲ್ಲದಾದಾಗ ದರ ಏರಿಸುವ ಸ್ವಾತಂತ್ರ್ಯ ಯಾರಿಗೆ ದೊರೆಯುತ್ತದೆ ಎಂಬುದನ್ನು ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾಗಿಲ್ಲ.

ಅಮೆರಿಕವು 1916ರ ಹಡಗು ಕಾಯಿದೆಯಲ್ಲಿಯೇ ಇಂಥ ಮುಂದೂಡಿದ ವಟಾವನ್ನು ನಿಷೇಧಿಸಿತು. ನಮ್ಮ 2002ರ ಸ್ಪರ್ಧಾ ಕಾಯಿದೆಯು 'ಬೇರೆಯವರಿಂದ ಕೊಳ್ಳಬಾರದು' ಎಂಬ ಒಪ್ಪಂದಗಳನ್ನು ಸಾರಾಸಗಟಾಗಿ ನಿಷೇಧಿಸಿಲ್ಲ. ಅವುಗಳಿಂದ ಸ್ಪರ್ಧೆಗೆ ಗಣನೀಯ ಹಾನಿಯಾದರೆ ಅಥವಾ ಆಗುವ ಸಂಭವವಿದ್ದರೆ ಪ್ರಶ್ನಿಸಲು ಅವಕಾಶವಿದೆ. ಸಣ್ಣ ವ್ಯಾಪಾರಸ್ಥರು ಒಬ್ಬೊಬ್ಬರಾಗಿ ಆ ದಾರಿ ಹಿಡಿಯುವುದು ಕಷ್ಟ. ಆದುದರಿಂದ ವಟಾವಿನ ಯೋಜನೆಗೆ ಸಹಿ ಹಾಕುವ ಮುನ್ನ ಸದಸ್ಯರು ಈ ಅಂಶಗಳನ್ನು ಪರಿಶೀಲಿಸುವುದು ಲೇಸು:

1. ವಟಾವು ಪ್ರತಿ ಬಿಲ್ಲಿನಲ್ಲಿಯೇ ಕಳೆಯುವುದೋ, ವರ್ಷಾಂತ್ಯಕ್ಕೆ ದೊರೆಯುವುದೋ? ಮುಂದೂಡಿದ್ದಾದರೆ ಅಲ್ಲಿಯವರೆಗಿನ ಬಡ್ಡಿಯನ್ನು ಕಳೆದು ನಿಜವಾದ ಶೇಕಡಾವಾರು ಲೆಕ್ಕ ಹಾಕಬೇಕು.

2. ಷರತ್ತು ಖರೀದಿಯ ಪ್ರಮಾಣಕ್ಕೆ ಸಂಬಂಧಿಸಿದ್ದೋ, ಬೇರೆಯವರಿಂದ ಕೊಳ್ಳಬಾರದೆಂಬುದೋ? ಇವೆರಡೂ ಒಂದೇ ಅಲ್ಲ.

3. ಷರತ್ತುಗಳು ಲಿಖಿತವಾಗಿವೆಯೇ? ಪ್ರತಿನಿಧಿಯ ಬಾಯಿಮಾತನ್ನು ಜಮೆ ಎಂದು ಬರೆಯಲಾಗದು.

4. ಯಾವುದೇ ದಿನ ಸಂಬಂಧ ಕಡಿದರೆ ಕೈತಪ್ಪುವ ಮೊತ್ತವೆಷ್ಟು? ಅದು ವರ್ಷದ ನಿವ್ವಳ ಲಾಭದ ದೊಡ್ಡ ಪಾಲಾಗಿದ್ದರೆ, ನೀವು ಗ್ರಾಹಕರಾಗಿ ಉಳಿದಿಲ್ಲ, ಒತ್ತೆಯಾಳಾಗಿದ್ದೀರಿ.

5. ಖರೀದಿಯ ಒಂದು ಸಣ್ಣ ಪಾಲನ್ನಾದರೂ ಎರಡನೆಯ ಮಾರಾಟಗಾರನಿಗೆ ಮೀಸಲಿಡಲು ಅವಕಾಶವಿದೆಯೇ?

ಸಣ್ಣ ಉದ್ದಿಮೆದಾರರಿಗೂ ಇಲ್ಲೊಂದು ಮಾತಿದೆ. 'ಲಾಯಲ್ಟಿ'ಯನ್ನು ಕೊಂಡವರು ಮೊದಲ ಉತ್ಸಾಹದಲ್ಲಿ ವೈಭವದ ಹಡಗನ್ನು ಆರಿಸಿದರು. ಅವರನ್ನು ಉಳಿಸಿದ್ದು ಸಾಧಾರಣ ಸರಕು ಹಡಗುಗಳು. ದೊಡ್ಡವರೊಡನೆ ದರದಲ್ಲಿ ಸೆಣಸುವ ಬದಲು ವೇಳೆಗೆ ಸರಿಯಾಗಿ ಸರಕು ತಲುಪಿಸುವ ಖ್ಯಾತಿಯನ್ನು ಗಳಿಸಿದರೆ, ವಟಾವಿನ ಕಟ್ಟು ಸಡಿಲಾದ ದಿನ ಗ್ರಾಹಕರು ತಾವಾಗಿಯೇ ಬರುತ್ತಾರೆ. ಈ ಸಲದ ಅರ್ಧವಾರ್ಷಿಕ ಲೆಕ್ಕ ತೆಗೆಯುವಾಗ, ಬರಬೇಕಾದ ವಟಾವಿನ ಪುಟವನ್ನು ಒಮ್ಮೆ ತೆರೆದು, ಅಲ್ಲಿ ತಮ್ಮ ಹಣವೆಷ್ಟು ಒತ್ತೆಯಾಗಿದೆ ಎಂಬುದನ್ನು ಸದಸ್ಯರು ನೋಡಿಕೊಳ್ಳಬೇಕಾಗಿ ವಿನಂತಿ.