ಅಚ್ಚುಮೊಳೆಯ ಕಾಲದ ಪುಸ್ತಕಗಳನ್ನು ಎಸೆಯುವ ಮುನ್ನ



ನಮ್ಮ ಬಳಗದ ಪುಸ್ತಕದ ಕಪಾಟು ತುಂಬಿ ತುಳುಕುತ್ತಿರುವುದು ನಿಮಗೆ ಗೊತ್ತೇ ಇದೆ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಪಕ್ಕ ಇಟ್ಟು ತಂದ ಹಳೆಯ ಪುಸ್ತಕಗಳೇ ಅದರಲ್ಲಿ ಹೆಚ್ಚು. ಕಳೆದ ಸಭೆಯಲ್ಲಿ ಒಬ್ಬರು, "ಎಲ್ಲವನ್ನೂ ಸ್ಕ್ಯಾನ್ ಮಾಡಿ, ಹಾಳೆ ಉದುರುವ ಪ್ರತಿಗಳನ್ನು ಎಸೆದುಬಿಡೋಣ" ಎಂದರು. ಜಾಗದ ಕಷ್ಟ ನಿಜವೇ. ಆದರೂ ಎಸೆಯುವ ಮುನ್ನ ಆ ಪುಸ್ತಕಗಳು ಹೇಗೆ ಹುಟ್ಟಿದವು ಎಂದು ಒಮ್ಮೆ ನೋಡೋಣ.

ನಾವಿರುವ ಜರ್ಮನಿಗೂ ಕನ್ನಡದ ಅಚ್ಚಿಗೂ ಹಳೆಯ ನಂಟು. ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ಪತ್ರಿಕೆ ಮುದ್ರಣವಾದದ್ದು ಕಲ್ಲಚ್ಚಿನಲ್ಲಿ. ಅಲ್ಲಿ ಕೈಬರಹವೇ ಕಲ್ಲಿಗಿಳಿದು ಕಾಗದಕ್ಕೇರುತ್ತದೆ, ಮೊಳೆಯ ಗೊಡವೆಯಿಲ್ಲ. ಮೊಳೆಯಲ್ಲಿ ಜೋಡಿಸುವುದಾದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡಕ್ಕೆ ನೂರಾರು ಬಗೆಯ ಮೊಳೆಗಳು ಬೇಕು. ಕಿಟೆಲ್ಲರ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಬಂದದ್ದು ಅಂಥ ಮೊಳೆಗಳಿಂದಲೇ. ಸುಮಾರು 70,000 ಪದಗಳು, 1752 ಪುಟಗಳು, ಅಷ್ಟೂ ಕೈಜೋಡಣೆ!

ಮೊಳೆ ಎಂದರೆ ಸೀಸ, ಆಂಟಿಮನಿ, ತವರ ಬೆರೆಸಿ ಎರಕ ಹೊಯ್ದ ಪುಟ್ಟ ಕಡ್ಡಿ. ಅದರ ತುದಿಯಲ್ಲಿ ಉಬ್ಬಿದ ಅಕ್ಷರ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಕಂಪೋಸಿಟರ್ ಎಡಗೈಯಲ್ಲಿ ಸ್ಟಿಕ್ ಹಿಡಿದು, ಕೇಸಿನ ಮನೆಗಳಿಂದ ಒಂದೊಂದೇ ಮೊಳೆ ಹೆಕ್ಕಿ ಸಾಲು ಕಟ್ಟುತ್ತಿದ್ದ. ಸಾಲು ಸೇರಿ ಪುಟ, ಪುಟಗಳನ್ನು ಚೌಕಟ್ಟಿನಲ್ಲಿ ಬಿಗಿದರೆ ಫಾರಂ. ಅಚ್ಚಾದ ಮೇಲೆ ಮಸಿ ತೊಳೆದು, ಮೊಳೆಗಳನ್ನು ಬಿಡಿಸಿ, ಮತ್ತೆ ಅವವುಗಳ ಮನೆಗೆ ಸೇರಿಸುವುದು. ಸಣ್ಣ ಅಚ್ಚುಕೂಟಗಳಲ್ಲಿ ಇಡೀ ಪುಸ್ತಕಕ್ಕೆ ಸಾಲುವಷ್ಟು ಮೊಳೆಗಳು ಇರುತ್ತಿರಲಿಲ್ಲ. ಹಿಂದಿನ ಫಾರಂ ಬಿಡಿಸಿದರೆ ಮಾತ್ರ ಮುಂದಿನದಕ್ಕೆ ಅಕ್ಷರ.

ಇದರ ಅರ್ಥವೇನು? ಕೊನೆಯ ಪುಟ ಅಚ್ಚಾಗುವ ಹೊತ್ತಿಗೆ ಮೊದಲ ಪುಟ ಲೋಹದಲ್ಲಿ ಎಲ್ಲೂ ಉಳಿದಿರುತ್ತಿರಲಿಲ್ಲ. ಮರುಮುದ್ರಣವೆಂದರೆ ಮತ್ತೆ ಮೊದಲಿನಿಂದ ಜೋಡಣೆ, ಜೊತೆಗೆ ಹೊಸ ತಪ್ಪುಗಳು. ಹಾಗಾಗಿ ಮೊದಲ ಮುದ್ರಣದ ಪಾಠಕ್ಕೆ ಸಾಕ್ಷಿ ಆ ಹಾಳೆಗಳೇ. ಸ್ಕ್ಯಾನ್ ಬೇಡವೆಂದಲ್ಲ, ಓದಲು ಅದು ಬಹಳ ಅನುಕೂಲ. ಆದರೆ ಮಸುಕಾದ ಒತ್ತಕ್ಷರವೊಂದು ಸವೆದ ಮೊಳೆಯದೋ, ಕಾಗದದ ಕಲೆಯೋ ಎಂಬ ಅನುಮಾನ ಬಂದಾಗ ಅದು ಕೈಕೊಡುತ್ತದೆ. ಮೂಲ ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿ ನೋಡಿ. ಮೊಳೆ ಗಟ್ಟಿಯಾಗಿ ಒತ್ತಿದ ಕಡೆ ಉಬ್ಬು ಹತ್ತುತ್ತದೆ.

ಇನ್ನು ಕಟ್ಟುವ ಕೆಲಸ. ಮಡಚಿದ ಫಾರಂಗಳನ್ನು ಮಡಿಕೆಯ ನಡುವೆ ದಾರ ಹಾಯಿಸಿ ಹೊಲಿದರೆ ಪುಸ್ತಕ ಅಗಲವಾಗಿ ತೆರೆದುಕೊಳ್ಳುತ್ತದೆ. ಅಗ್ಗದ ಪ್ರತಿಗಳಿಗೆ ಪಕ್ಕದಿಂದ ತಂತಿ ಚುಚ್ಚುತ್ತಿದ್ದರು. ತಂತಿ ತುಕ್ಕು ಹಿಡಿದರೆ ಸುತ್ತಲಿನ ಕಾಗದವನ್ನೂ ತಿನ್ನುತ್ತದೆ. ಮೈದಾ ಅಂಟಿಗೆ ಹುಳು ಬರದಿರಲೆಂದು ಮೈಲುತುತ್ತ ಬೆರೆಸುತ್ತಿದ್ದುದನ್ನು ನಮ್ಮಲ್ಲಿ ಹಲವರು ಊರಿನಲ್ಲಿ ಕಂಡಿರಬಹುದು. ಹಾಳೆ ಹಳದಿಯಾಗಿ ಪುಡಿಯಾಗುವುದಕ್ಕೆ ಕಾರಣ ವಯಸ್ಸಷ್ಟೇ ಅಲ್ಲ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಿಂದ ಚಿಂದಿಬಟ್ಟೆಯ ಬದಲು ಮರದ ತಿರುಳಿನ ಕಾಗದ ಬಳಕೆಗೆ ಬಂತು. ಅದರೊಳಗಿನ ಆಮ್ಲವೇ ಅದನ್ನು ಸುಡುತ್ತದೆ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬೇಡಿ, ಅದು ಅಳಿಸಲಾಗದ ಕಂದು ಕಲೆ ಬಿಡುತ್ತದೆ. ಹೀಟರಿನ ಪಕ್ಕದಲ್ಲೂ ತೇವದ ನೆಲಮಾಳಿಗೆಯಲ್ಲೂ ಪುಸ್ತಕ ಇಡಬೇಡಿ. ಬಿಡಿಬಿಡಿಯಾದ ಪ್ರತಿಯನ್ನು ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿಡಿ. ಸ್ಕ್ಯಾನ್ ಮಾಡಿಯಾದರೂ ಮೊದಲ ಮುದ್ರಣಗಳನ್ನು ಉಳಿಸಿಕೊಳ್ಳೋಣ.

ಅಂದಹಾಗೆ, ಗಡಿಯಾಚೆಯ ಬಾಸೆಲ್ ನಗರದಲ್ಲಿ ಹಳೆಯ ಕಾಗದದ ಗಿರಣಿಯೊಂದು ಈಗ ವಸ್ತುಸಂಗ್ರಹಾಲಯವಾಗಿದೆ. ನೀರಿನ ಚಕ್ರ ತಿರುಗುತ್ತದೆ, ಬಂದವರು ಕೈಯಾರೆ ಒಂದು ಹಾಳೆ ಎತ್ತಬಹುದು, ಮೊಳೆ ಜೋಡಣೆ, ಪುಸ್ತಕ ಕಟ್ಟುವುದನ್ನೂ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ.

ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯ ಒಂದು ಹಳೆಯ ಪುಸ್ತಕ ತನ್ನಿ. ಕಪಾಟಿನ ವಿಷಯ ಅಂದೇ ತೀರ್ಮಾನಿಸೋಣ.