10 ಕಿಲೋ ತೂಕಕ್ಕೆ 28 ಟನ್ ಎಳೆತ

10 ಮೀಟರ್ ಅಂತರದಲ್ಲಿ ಎರಡು ಕಂಬ, ಅವುಗಳ ನಡುವೆ ಒಂದು ಹಗ್ಗ, ಹಗ್ಗದ ನಟ್ಟನಡುವೆ 10 ಕಿಲೋ ತೂಗುವ ಬಕೆಟ್. ಹಗ್ಗದಲ್ಲಿ ಎಳೆತ ಎಷ್ಟು? ಪಿಯುಸಿಯ ಈ ಲೆಕ್ಕಕ್ಕೆ ಥಟ್ಟನೆ ಹೊಳೆಯುವ ಉತ್ತರ: ಭಾರ ಎರಡು ಕಡೆಗೂ ಹಂಚಿಹೋಗುತ್ತದೆ, ಆದ್ದರಿಂದ ಐದೈದು ಕಿಲೋ. ಹಗ್ಗದ ಎರಡೂ ಭಾಗ ನೆಟ್ಟಗೆ ಮೇಲಕ್ಕೆ ನಿಂತಿದ್ದರೆ ಅದು ಸರಿ. (ಎಳೆತವನ್ನೂ ಕಿಲೋದಲ್ಲೇ ಹೇಳುತ್ತೇನೆ, ನ್ಯೂಟನ್ ಬೇಕೆಂದವರು 9.8ರಿಂದ ಗುಣಿಸಿಕೊಳ್ಳಬಹುದು.)

ಹಗ್ಗ ಓರೆಯಾದ ಕೂಡಲೇ ಅದರ ಎಳೆತವನ್ನು ಎರಡಾಗಿ ಬಿಡಿಸಬೇಕಾಗುತ್ತದೆ: ಮೇಲಕ್ಕೆ ಎತ್ತುವ ಪಾಲು, ಅಡ್ಡಕ್ಕೆ ಜಗ್ಗುವ ಪಾಲು. ಬಕೆಟ್ಟನ್ನು ಹೊರುವುದು ಮೊದಲನೆಯದು ಮಾತ್ರ. ಅಡ್ಡ ಪಾಲುಗಳೆರಡೂ ಒಂದನ್ನೊಂದು ಜಗ್ಗಿ ರದ್ದಾಗುತ್ತವೆ, ಆದರೆ ಅವುಗಳ ಶ್ರಮವನ್ನೆಲ್ಲ ಹಗ್ಗವೇ ತಾಳಬೇಕು. ಅಡ್ಡಗೆರೆಗೆ ಹಗ್ಗ 30 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಭಾಗದ ಎಳೆತ ಆಗಲೇ 10 ಕಿಲೋ. 10 ಡಿಗ್ರಿಗೆ ಸುಮಾರು 29. ಒಂದು ಡಿಗ್ರಿಗೆ 286! ಆಗ ಹಗ್ಗದ 100 ಕಿಲೋ ಎಳೆತದಲ್ಲಿ ಮೇಲಕ್ಕೆ ಎತ್ತುವುದು ಬರೀ 1.75 ಕಿಲೋ; ಮಿಕ್ಕ ಬಲವೆಲ್ಲ ಕಂಬಗಳನ್ನು ಒಳಕ್ಕೆ ಬಾಗಿಸುವುದರಲ್ಲೇ ಕಳೆಯುತ್ತದೆ. ಅಷ್ಟಾದರೂ ಹಗ್ಗ ನಡುವೆ ಒಂಬತ್ತು ಸೆಂಟಿಮೀಟರ್‌ನಷ್ಟು ಜೋಲುತ್ತಲೇ ಇರುತ್ತದೆ. ಜೋಲನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಮಾಡಿ, ಕೋನವನ್ನು ಡಿಗ್ರಿಯ ನೂರನೇ ಒಂದು ಪಾಲಿಗೆ ಇಳಿಸಬೇಕೆಂದರೆ ಬೇಕಾಗುವ ಎಳೆತ 28 ಟನ್ನಿಗೂ ಹೆಚ್ಚು. ಒಂದೇ ಬಕೆಟ್ಟಿಗೆ!

ಕೋನ ಸೊನ್ನೆಯಾದರೆ ಲೆಕ್ಕಕ್ಕೆ ಉತ್ತರವೇ ಇಲ್ಲ. ಹಗ್ಗದ ಮೇಲೆ ಬಕೆಟ್ ಬೇಡ, ಒಂದು ಗುಬ್ಬಿ ಕೂತರೂ ಸಾಕು, ಎಷ್ಟೇ ಬಲ ಹಾಕಿದರೂ ಹಗ್ಗವನ್ನು ಪೂರ್ತಿ ನೇರ ಮಾಡಲಾಗದು. ಊರಿಂದೂರಿಗೆ ಹೋಗುವ ವಿದ್ಯುತ್ ತಂತಿಗಳಿಗೆ ಬೇಕೆಂದೇ ಜೋಲು ಬಿಡುವುದೂ ಇದೇ ಕಾರಣಕ್ಕೆ.

ಈಗ ಇದೇ ಲೆಕ್ಕವನ್ನು ಸಮುದ್ರದ ಮೇಲೆ ಕಟ್ಟಿದ್ದನ್ನು ನೋಡಿ. ಜಪಾನಿನ ಕೋಬೆಯಿಂದ ಅವಾಜಿ ದ್ವೀಪಕ್ಕೆ ಹೋಗುವ ಆಕಾಶಿ ಕೈಕ್ಯೋ ತೂಗುಸೇತುವೆಯಲ್ಲಿ ಗೋಪುರದಿಂದ ಗೋಪುರಕ್ಕೆ 1,991 ಮೀಟರ್. ಎರಡು ಕೇಬಲ್, ಒಂದೊಂದರೊಳಗೂ 36,830 ತಂತಿ, ತಂತಿಯ ದಪ್ಪ ಐದು ಮಿಲಿಮೀಟರಿಗಿಂತ ತುಸು ಹೆಚ್ಚು. ಎಲ್ಲ ತಂತಿಯನ್ನೂ ಬಿಚ್ಚಿ ಉದ್ದಕ್ಕೆ ಹಾಸಿದರೆ 3 ಲಕ್ಷ ಕಿಲೋಮೀಟರ್, ಭೂಮಿಗೆ ಸುಮಾರು ಏಳೂವರೆ ಸುತ್ತು. ಇಷ್ಟಿದ್ದೂ ಎಂಜಿನಿಯರುಗಳು ಕೇಬಲ್ಲನ್ನು ಬಿಗಿಯಾಗಿ ಎಳೆಯಲಿಲ್ಲ; ಅಂತರದ ಹತ್ತನೇ ಒಂದರಷ್ಟು, ಸುಮಾರು 200 ಮೀಟರ್, ಜೋಲು ಬಿಟ್ಟರು. ಅದರಿಂದಾಗಿ ಕೇಬಲ್ಲಿನ ಅಡ್ಡ ಎಳೆತ ಅದು ಹೊತ್ತ ಭಾರದ ಒಂದೂಕಾಲು ಪಟ್ಟಿನಷ್ಟಕ್ಕೆ ನಿಂತಿದೆ. ಜೋಲು 20 ಮೀಟರಿಗೆ ಇಳಿದರೆ ಅದೇ ಭಾರಕ್ಕೆ ಹನ್ನೆರಡೂವರೆ ಪಟ್ಟು! ಕೆಳಗೆ ಹಡಗುಗಳಿಗೂ ದಾರಿ ಬಿಡಬೇಕು, ಮೇಲೆ ಕೇಬಲ್ಲಿಗೂ ಜೋಲಲು ಜಾಗ ಬೇಕು. ಗೋಪುರಗಳು 298 ಮೀಟರ್ ಎತ್ತರಕ್ಕೆ ಬೆಳೆದದ್ದು ಹೀಗೆ.

ಮೂಲ ನಕ್ಷೆಯಲ್ಲಿ ಗೋಪುರಗಳ ನಡುವಿನ ಅಂತರ 1,990 ಮೀಟರ್ ಇತ್ತು. 1995ರ ಜನವರಿಯಲ್ಲಿ ಕೋಬೆ ಭೂಕಂಪವಾದಾಗ ಗೋಪುರಗಳು ಎದ್ದಿದ್ದವು, ಕೇಬಲ್ ತೂಗುತ್ತಿತ್ತು, ರಸ್ತೆಯ ಹಾಸು ಇನ್ನೂ ಬಂದಿರಲಿಲ್ಲ. ನೆಲ ಸರಿದು ಗೋಪುರಗಳ ನಡುವಿನ ಅಂತರ ಹತ್ತಿರ ಹತ್ತಿರ ಒಂದು ಮೀಟರ್ ಹಿಗ್ಗಿತು, ಕೇಬಲ್ಲಿನ ಜೋಲು ಕುಗ್ಗಿತು. ಹೊಸ ಅಳತೆಗೆ ಹಾಸನ್ನು ಹೊಂದಿಸಿಕೊಂಡು ಕೆಲಸ ಮುಂದುವರಿಸಿದರು. 1998ರಲ್ಲಿ ವಾಹನಗಳು ಓಡಿದವು.