ಚಿಯಾ ಮರುಭೂಮಿ ಗಿಡವೇ? ಒಣ ಬೀಜ ನುಂಗಬಹುದೇ?

ಚಿಯಾ ಅಂದರೆ ನಮ್ಮ ಕಾಮಕಸ್ತೂರಿ ಬೀಜವೇ, ಅದು ನೀರು ಬೇಡದ ಮರುಭೂಮಿ ಗಿಡ, ಒಣ ಬೀಜ ನುಂಗಿ ನೀರು ಕುಡಿದರೆ ತೂಕ ಇಳಿಯುತ್ತದೆ. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಒಂದೊಂದಾಗಿ ನೋಡೋಣ.

ಎರಡೂ ಒಂದೇನಾ?

ಅಲ್ಲ. ಎರಡೂ ತುಳಸಿ ಕುಟುಂಬಕ್ಕೆ ಸೇರಿದ ಗಿಡಗಳು, ಅಷ್ಟೇ. ತುಮಕೂರಿನ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಕಾಮಕಸ್ತೂರಿ ಬೀಜ ಪೂರ್ತಿ ಕಪ್ಪು. ನೀರಿಗೆ ಹಾಕಿದ ಕೆಲವೇ ನಿಮಿಷದಲ್ಲಿ ಉಬ್ಬುತ್ತದೆ. ಚಿಯಾ ಬೂದು, ಬಿಳಿ, ಕಂದು ಬಣ್ಣಗಳ ಮಿಶ್ರಣ. ನಿಧಾನವಾಗಿ ನೆನೆಯುತ್ತದೆ.

ಮರುಭೂಮಿ ಗಿಡವೇ?

ಇಲ್ಲಿ ಹೆಸರಿನ ಗೊಂದಲವಿದೆ. ಅಮೆರಿಕದ ಮೊಹಾವಿ, ಸೊನೋರಾ ಮರುಭೂಮಿಗಳಲ್ಲಿ ಸಾಲ್ವಿಯಾ ಕೊಲಂಬೇರಿಯೇ ಎಂಬ ನೇರಳೆ-ನೀಲಿ ಹೂವಿನ ಗಿಡವಿದೆ. ಅದನ್ನೂ ಚಿಯಾ ಎನ್ನುತ್ತಾರೆ. ಅದು ಕೂಡ ನೀರಿಲ್ಲದೆ ಬದುಕುವುದಿಲ್ಲ. ಚಳಿಗಾಲದ ಮಳೆಗೆ ಮೊಳೆತು, ಬೇಸಿಗೆ ಬಿರುಸಾಗುವ ಮೊದಲೇ ಬೀಜ ಉದುರಿಸಿ ಒಣಗುತ್ತದೆ.

ನಾವು ಕೊಳ್ಳುವುದು ಅದರ ದಾಯಾದಿ, ಸಾಲ್ವಿಯಾ ಹಿಸ್ಪಾನಿಕಾ. ಇದರ ತವರು ಮೆಕ್ಸಿಕೊ, ಗ್ವಾಟೆಮಾಲಾ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆ ಇದನ್ನು ನಮ್ಮ ರೈತರಿಗೆ ಪರಿಚಯಿಸಿತು. ಎಚ್.ಡಿ. ಕೋಟೆ ಕಡೆ ಬೆಳೆದವರಿದ್ದಾರೆ. ಬೇರೂರಿದ ಮೇಲೆ ಸ್ವಲ್ಪ ಬರ ತಡೆಯುತ್ತದೆ ನಿಜ. ಆದರೆ ಮೊಳಕೆಗೆ ಮಣ್ಣಿನಲ್ಲಿ ತೇವ ಬೇಕೇ ಬೇಕು. ಹಗಲು ಕಿರಿದಾದಾಗ ಹೂ ಬಿಡುವ ಗಿಡವಾದ್ದರಿಂದ ಬಿತ್ತುವ ಕಾಲವೂ ಮುಖ್ಯ. ಗುಬ್ಬಿ, ಕುಣಿಗಲ್ ಕಡೆಯ ರೈತರು ಫಾರ್ವರ್ಡ್ ನಂಬಿ ರಾಗಿ ಹೊಲಕ್ಕೆ ಚಿಯಾ ಹಾಕುವ ಮೊದಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕೊಳ್ಳುವವರು ಯಾರು ಎಂಬುದನ್ನೂ ಮೊದಲೇ ಖಚಿತಪಡಿಸಿಕೊಳ್ಳಿ.

ಒಣ ಬೀಜ ನುಂಗಬಹುದೇ?

ಬೇಡ. ಇದೇ ಈ ಫಾರ್ವರ್ಡ್‌ನ ಅಪಾಯಕಾರಿ ಭಾಗ. ಚಿಯಾ ಬೀಜದ ಸಿಪ್ಪೆಯಲ್ಲಿ ಲೋಳೆಯಾಗುವ ನಾರು ಇದೆ. ತನ್ನ ತೂಕದ ಸುಮಾರು 10 ಪಟ್ಟು ನೀರು ಹೀರುತ್ತದೆ. ಮಣ್ಣಿನಲ್ಲಿ ಬೀಜಕ್ಕೆ ತೇವ ಹಿಡಿದಿಡುವ ಈ ಗುಣವೇ ಗಂಟಲಲ್ಲಿ ತೊಂದರೆ ಕೊಡಬಹುದು. ಅಮೆರಿಕದಲ್ಲಿ 39 ವರ್ಷದ ವ್ಯಕ್ತಿಯೊಬ್ಬರು ಒಂದು ಚಮಚ ಒಣ ಚಿಯಾ ನುಂಗಿ ನೀರು ಕುಡಿದರು. ಬೀಜ ಅನ್ನನಾಳದಲ್ಲೇ ಉಬ್ಬಿ ಕಟ್ಟಿಕೊಂಡಿತು. ವೈದ್ಯರು ಎಂಡೋಸ್ಕೋಪಿ ಮಾಡಿ ಅಡಚಣೆ ನಿವಾರಿಸಬೇಕಾಯಿತು. 2014ರಲ್ಲಿ ಅಲ್ಲಿನ ವೈದ್ಯರ ಸಮ್ಮೇಳನದಲ್ಲಿ ಈ ಪ್ರಕರಣ ವರದಿಯಾಯಿತು.

ತೂಕದ ಮಾತೇನು?

ನಾರು ಹೊಟ್ಟೆ ತುಂಬಿದ ಭಾವನೆ ಕೊಡುತ್ತದೆ. ಆದರೆ ಚಿಯಾ ಕೊಬ್ಬು ಕರಗಿಸುವ ಔಷಧವಲ್ಲ. ಒಂದು ದೊಡ್ಡ ಚಮಚದಲ್ಲೇ ಸುಮಾರು 60 ಕ್ಯಾಲೊರಿ ಇದೆ.

ಹಾಗಾದರೆ ಹೇಗೆ ತಿನ್ನಬೇಕು?

ಅರ್ಧ ಗಂಟೆಯಾದರೂ ಸಾಕಷ್ಟು ನೀರಲ್ಲಿ ನೆನೆಸಿ, ಪೂರ್ತಿ ಉಬ್ಬಿದ ಮೇಲೆ ಮಜ್ಜಿಗೆಗೋ ಪಾನಕಕ್ಕೋ ಬೆರೆಸಿ. ನುಂಗಲು ಕಷ್ಟಪಡುವ ಹಿರಿಯರಿಗೆ, ಚಿಕ್ಕ ಮಕ್ಕಳಿಗೆ ಕೊಡಬೇಡಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ.

ಆ ಫಾರ್ವರ್ಡ್ ನಿಮ್ಮ ಮನೆಯ ಗ್ರೂಪಿಗೂ ಬಂದಿದ್ದರೆ, ಅದರ ಕೆಳಗೆ ಒಂದೇ ಸಾಲು ಬರೆಯಿರಿ: ನೆನೆಸದೆ ನುಂಗಬೇಡಿ.